ಅಮ್ಮಿಯ ಗಾದಿಯೊಳಗಿನ ಹತ್ತಿಬೀಜ

ಅಮ್ಮಿಯ ಮದುವೆಯ ಗಾದಿಯನ್ನು ಅಬ್ಬಾ ಬಿಚ್ಚಿದ್ದು ಹೋದ ಮಳೆಗಾಲದ ಶುರುವಿನಲ್ಲಿ. ಅಮ್ಮಿ ತೀರಿಕೊಂಡ ಮೇಲೆ ಅದು ಮೂಲೆಯಲ್ಲಿ ಸುತ್ತಿಕೊಂಡೇ ಬಿದ್ದಿತ್ತು. ಒಳಗಿನ ಹತ್ತಿ ಗಂಟುಗಟ್ಟಿತ್ತು. ನಮ್ಮದು ಶಹಾಪುರದ ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ ತುಂಬುವುದು ತಲೆತಲಾಂತರದ ಕಸುಬು. ಈಗ ಊರಿಗೆ ಊರೇ ಸ್ಪಂಜಿನ ಗಾದಿಯ ಮೇಲೆ ಮಲಗುತ್ತದೆ. ಕಸುಬಿನಿಂದ ಅಬ್ಬಾಗೆ ಉಳಿದದ್ದು ಎದೆಯಲ್ಲಿ ಕೂತ ದೂಳು ಮತ್ತು ದಮ್ಮು.

ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿದ ಅವರ ಮುಖ ಅರಳಿತು. "ಜವಾರಿ ಹತ್ತಿ ಬೇಟಿ ಇದು. ನೋಡು, ಬೀಜಾನೂ ಅದಾವ."

ಮುಷ್ಟಿಯೂ ತುಂಬದಷ್ಟು ಬೀಜ. ನಮ್ಮ ಸುತ್ತಮುತ್ತ ಜವಾರಿ ಹತ್ತಿಯನ್ನು ಈಗ ಯಾರೂ ಬಿತ್ತುವುದಿಲ್ಲ. ಕಾಲುವೆ ನೀರು ಬಂದಲ್ಲಿ ಭತ್ತ, ಬಾರದ ಕಡೆ ಪೇಟೆಯ ಹೈಬ್ರಿಡ್ ಹತ್ತಿ. ಕಕ್ಕೇರಾದ ನೆಂಟರಲ್ಲಿ ಜವಾರಿ ಬೀಜ ಇದೆಯೇ ಎಂದು ಕೇಳಿದರೆ, "ಅದನ್ನೇನ್ ಮಾಡ್ತಿ, ಮ್ಯೂಸಿಯಮ್ಮಿನಾಗ ಇಡ್ತೀಯೇನು?" ಎಂದು ನಕ್ಕರು. ನನಗೆ ಸಿಟ್ಟು ಬಂತು. ಇವಾದರೂ ಮೊಳೆಯಲೇಬೇಕು ಎಂದುಕೊಂಡೆ.

ಮೊಳೆಯುವುದಿಲ್ಲ ಎಂದು ನನಗೇ ಗೊತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಭೀಮರಾಯನಗುಡಿಯಲ್ಲಿ ಕೃಷಿ ಓದಿದ ಗೆಳತಿಯೂ ಫೋನಿನಲ್ಲಿ ಬೈದಳು: "ಹುಚ್ಚಿ, ಹತ್ತಿಬೀಜ ಅಷ್ಟು ವರ್ಷ ಬದುಕಂಗಿಲ್ಲ. ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗ್ತದ." ಅಬ್ಬಾ ಮಾತ್ರ ಒಪ್ಪಲಿಲ್ಲ. "ಬೀಜ ಸಾಯಂಗಿಲ್ಲ, ಮಲಗಿರ್ತದ. ಗಾದ್ಯಾಗ ಇದ್ದದ್ದು ಮಲಗದ ಮತ್ತೇನ್ ಮಾಡ್ತದ?"

ಹಿತ್ತಲ ಮಣ್ಣನ್ನು ತಗಡಿನ ಡಬ್ಬಿಗಳಿಗೆ ತುಂಬಿ, ನೆನೆಸಿದ ಬೀಜ ಊರಿದೆವು. ದಿನಾ ಬೆಳಗಾದರೆ ಅಬ್ಬಾನದು ಒಂದೇ ಪ್ರಶ್ನೆ: "ಎದ್ದಾವೇನು?"

ಕಾಯುತ್ತ ಕೂತಾಗ ಅವರಿಗೆ ನನ್ನ ಪಾಠ ಹೇಳಿದೆ. ಹತ್ತಿ, ಹುಳಿಸೊಪ್ಪಿನ ಪುಂಡಿ, ಬೆಂಡೆ, ದಾಸವಾಳ ಎಲ್ಲವೂ ಒಂದೇ ವಂಶ; ಕೋಟ್ಯಂತರ ವರ್ಷಗಳ ಹಿಂದೆ ಒಂದೇ ತಾಯಿಬೇರಿನಿಂದ ಕವಲೊಡೆದವು; ಹೂವು ನೋಡಿದರೆ ಇವತ್ತಿಗೂ ಮುಖದ ಹೋಲಿಕೆ ಕಾಣುತ್ತದೆ.

"ಅಂದ್ರ, ನಾವು ತಿನ್ನೋ ಪುಂಡಿಪಲ್ಯ ಹತ್ತಿಗೆ ಏನಾಗಬೇಕು?"

"ಖಾಲಾನ ಮಗಳು ಅಂದ್ಕೋರಿ," ಎಂದು ಚಿಕ್ಕಮ್ಮನ ಕಡೆಯ ಸಂಬಂಧ ಹಚ್ಚಿದೆ.

ಅಬ್ಬಾ ದಮ್ಮು ಹತ್ತುವವರೆಗೆ ನಕ್ಕರು. ಭೂಮಿಯ ಮೇಲೆ ಹುಟ್ಟಿದ ಜೀವಜಾತಿಗಳಲ್ಲಿ ಬಹುಪಾಲು ಅಳಿದುಹೋಗಿವೆ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ಯಾರದೋ ಮನೆಯ ಸುದ್ದಿಯಂತೆ ಹೇಳಿಬಿಡುವ ಮಾತದು.

ಆಮೇಲೊಂದು ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಮೊಳಕೆ ಕಂಡಿತು. ಎರಡೇ ಎರಡು ದುಂಡನೆಯ ಎಲೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಈ ವಂಶದ ಕೂಸುಗಳೆಲ್ಲ ಎಳೆಯವಿದ್ದಾಗ ಒಂದನ್ನೊಂದು ಹೋಲುತ್ತವೆ. ಸೂಕ್ಷ್ಮವಾಗಿ ನೋಡಿದ್ದರೆ ವ್ಯತ್ಯಾಸ ತಿಳಿಯುತ್ತಿತ್ತು. ಸೂಕ್ಷ್ಮವಾಗಿ ನೋಡುವ ಮನಸ್ಸು ಯಾರಿಗಿತ್ತು? ಅಬ್ಬಾ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಗೋಡೆಗೆ ನೇತುಹಾಕಿದ್ದ ಹಿಂಜುವ ಬಿಲ್ಲನ್ನು ಇಳಿಸಿ, ದೂಳು ಒರೆಸಿ, ತಂತಿ ಮೀಟಿ ನೋಡಿದರು.

ಮೂರನೆಯ ಎಲೆ ಬಿಟ್ಟಾಗ ಅದರ ಅಂಚು ಗರಗಸದಂತಿತ್ತು. ದಂಟು ಕೆಂಪಗಾಗಿತ್ತು. ಅಬ್ಬಾ ಬಗ್ಗಿ ಎಲೆಯ ಚೂರು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು.

"ಹುಳಿ ಅದ," ಎಂದರು.

ಪುಂಡಿ. ಆ ಮಣ್ಣು ತೆಗೆದ ಜಾಗದಲ್ಲೇ ಅಮ್ಮಿ ಪುಂಡಿ ಬೆಳೆಯುತ್ತಿದ್ದದ್ದು ಆಗ ನೆನಪಾಯಿತು. ಉಳಿದ ಡಬ್ಬಿಗಳನ್ನು ಒಂದೊಂದಾಗಿ ಬಗೆದೆ. ಗಾದಿಯ ಬೀಜಗಳೆಲ್ಲ ಬೆರಳಿಗೆ ಸಿಕ್ಕರೆ ಕರಿ ಕೆಸರಾಗಿ ಹಿಸುಕಿಹೋಗುತ್ತಿದ್ದವು. ಒಂದೂ ಉಳಿದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಸಿಟ್ಟಿನಲ್ಲಿ ಪುಂಡಿಯ ಸಸಿಯನ್ನು ಕೀಳಲು ಕೈ ಹಾಕಿದೆ.

ಅಬ್ಬಾ ನನ್ನ ಕೈ ಹಿಡಿದರು. "ಸಾವಾದ ಮನಿಗೆ, ಮಯ್ಯತ್ತಿಗೆ, ಯಾರ್ ಬರ್ತಾರ? ಸಂಬಂಧಿಕರೇ ಬರ್ತಾರ. ಖಾಲಾನ ಮಗಳು ಅಂತ ನೀನೇ ಹೇಳಿದ್ದಿ. ಬಂದಾಳ. ನೀರ್ ಕೊಡು."

ನಾನು ನೀರು ಹಾಕಿದೆ. ಅಬ್ಬಾ ಕೆಮ್ಮುತ್ತ ಎದ್ದು ಹೋಗಿ ಬಿಲ್ಲನ್ನು ಮತ್ತೆ ಗೋಡೆಗೆ ನೇತುಹಾಕಿದರು.