ಅಮಾವಾಸ್ಯೆಗೆ ಕಾದ ಹಲ್ಲು

ಹಲ್ಲುನೋವು ಬಡವ, ಬಲ್ಲಿದ ಎಂದು ನೋಡುವುದಿಲ್ಲ ಎನ್ನುವವರು ನಮ್ಮ ಸೀರೆ ಸಾಹುಕಾರರ ಬಾಯಿಯನ್ನು ನೋಡಿಲ್ಲ. ಮೊಳಕಾಲ್ಮೂರಿನಲ್ಲಿ ನಾನು ನೇಯುವ ರೇಷ್ಮೆ ಸೀರೆಗಳೆಲ್ಲ ಹೋಗುವುದು ಅವರಿಗೇ. ಅರವತ್ತು ದಾಟಿದರೂ ಹುರಿಗಡಲೆಯನ್ನು ಕಟಕಟ ಅಗಿಯುತ್ತಾರೆ. ಕೆಟ್ಟ ಹಲ್ಲನ್ನೆಲ್ಲ ರಿಪೇರಿ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದಾರೆ. "ಹಲ್ಲು ಚೆನ್ನಾಗಿ ನೋಡ್ಕಬೇಕಪ್ಪ" ಎಂದು ನನಗೆ ಪುಕ್ಕಟೆ ಬುದ್ಧಿಯನ್ನೂ ಹೇಳುತ್ತಾರೆ.

ನನ್ನ ಮೇಲಿನ ಮುಂದಿನ ಹಲ್ಲೊಂದು ಹುಳುಕಾಗಿತ್ತು. ಅದು ಬರೀ ನಗಲಿಕ್ಕಿರುವ ಹಲ್ಲಲ್ಲ. ಮಗ್ಗದಲ್ಲಿ ಎಳೆ ಹರಿದರೆ ಒಂದು ತುದಿಯನ್ನು ಅದರಲ್ಲಿ ಕಚ್ಚಿ ಹಿಡಿದು ಗಂಟು ಹಾಕುತ್ತೇನೆ, ಮಿಕ್ಕಿದ್ದನ್ನು ಕಚ್ಚಿ ತುಂಡರಿಸುತ್ತೇನೆ. ಕತ್ತರಿ ಹುಡುಕುತ್ತಾ ಕೂತರೆ ಸೀರೆ ಮುಗಿದ ಹಾಗೇ. ಹೀಗೆ ಸಂಬಳವಿಲ್ಲದೆ ದುಡಿಯುವ ಆಳು ಕಾಯಿಲೆ ಬಿದ್ದಿದ್ದ.

ಚಳ್ಳಕೆರೆಗೆ ಹೋಗಿ ತೋರಿಸಿ ಬರಲು ಪೂರ್ತಿ ಒಂದು ದಿನ ಬೇಕು. ಮಗ್ಗ ನಿಂತರೆ ಕೂಲಿಯೂ ನಿಂತಿತು. ನಮ್ಮಲ್ಲಿ ಮಗ್ಗಕ್ಕೆ ರಜ ಸಿಗುವುದು ಅಮಾವಾಸ್ಯೆಗೆ ಮಾತ್ರ. ಸರಿ, ಆವತ್ತೇ ಹೊರಡೋಣವೆಂದರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಮಾಸೆ ದಿನ ಮೈಯಾಗಿನ ರಕ್ತ ಕೆಳಗೆ ಬೀಳಬಾರ್ದು. ಇನ್ನೊಂದಿನ ಹೋಗು."

"ಇನ್ನೊಂದಿನ ಮಗ್ಗ ಐತಲ್ಲವ್ವ."

"ಹಂಗಾರೆ ಲವಂಗ ಇಟ್ಕ."

ಎಂಥಾ ಅಚ್ಚುಕಟ್ಟಾದ ಏರ್ಪಾಟು ನೋಡಿ. ಬಿಡುವಿರುವ ದಿನ ಹೋಗಬಾರದು, ಹೋಗಬಹುದಾದ ದಿನ ಬಿಡುವಿಲ್ಲ. ಲವಂಗ ಇಟ್ಟೆ. ಅದು ಸಾಲದೆ ಹೊಗೆಸೊಪ್ಪು ಇಟ್ಟೆ. ಊಟಕ್ಕೇನೂ ತೊಂದರೆಯಾಗಲಿಲ್ಲ, ಮುದ್ದೆಯನ್ನು ಅಗಿಯಬೇಕಿಲ್ಲವಲ್ಲ, ನುಂಗಿದರೆ ಸಾಕು. ನಮಗೆ ಹಲ್ಲು ಉಳಿಯುವುದಿಲ್ಲವೆಂದು ಹಿರಿಯರಿಗೆ ಮೊದಲೇ ಗೊತ್ತಿತ್ತೇನೋ.

ನೋವು ತಲೆಗೇರಿ ಲಾಳಿ ಕೈತಪ್ಪತೊಡಗಿದ ಮೇಲೆ, ಒಂದು ಅಮಾವಾಸ್ಯೆ ಅವ್ವನ ಮಾತು ಮೀರಿ ಬಸ್ಸು ಹತ್ತಿದೆ. ಕ್ಲಿನಿಕ್ಕಿನಲ್ಲಿ ನಾನೊಬ್ಬನೇ. ಒಳ್ಳೆಯ ದಿನ ನೋಡಿ ಬಾಯಿ ತೆರೆಯುವಷ್ಟು ಪುರುಸೊತ್ತಿದ್ದವರು ಯಾರೂ ಬಂದಿರಲಿಲ್ಲ. ಗೋಡೆಯ ಚಿತ್ರದಲ್ಲಿ ಒಂದು ಸಂಸಾರ ಅಷ್ಟೂ ಹಲ್ಲು ತೋರಿಸಿ ನಗುತ್ತಾ, ಆರು ತಿಂಗಳಿಗೊಮ್ಮೆ ಬನ್ನಿ ಎಂದು ಕರೆಯುತ್ತಿತ್ತು. ಅವರ ಮನೆಯಲ್ಲಿ ಮಗ್ಗ ಇದ್ದಂತೆ ಕಾಣಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಎಕ್ಸ್‌ರೇ ತೆಗೆದು ನೋಡಿ, "ಈ ಹಲ್ಲು ಉಳಿಯುತ್ತೆ. ರೂಟ್ ಕೆನಾಲ್ ಮಾಡೋಣ. ವಾರಕ್ಕೊಂದು ಸಲ ಬಂದು ಹೋಗಿ, ಆಮೇಲೆ ಕ್ಯಾಪ್ ಹಾಕ್ತೀನಿ" ಎಂದರು.

"ಮುಂದಿನ ಅಮಾಸೆಗೆ ಬಂದ್ರೆ ನಡೀತೈತಾ ಮೇಡಂ?"

"ಅಷ್ಟು ದಿನ ಬಿಟ್ಟರೆ ಕೀವು ಮೂಳೆಗೆ ಇಳಿಯುತ್ತೆ."

"ಹಂಗಾದ್ರೆ ಕಿತ್ತುಬಿಡ್ರಿ. ಅದು ಒಂದೇ ದಿನದ ಕೆಲ್ಸ ಅಲ್ವಾ?"

ಅವರು ಎಕ್ಸ್‌ರೇಯನ್ನು ಇನ್ನೊಮ್ಮೆ ನೋಡಿದರು. ಉಳಿಯುವ ಹಲ್ಲನ್ನು ಕೀಳಲು ಮನಸ್ಸು ಬರುವುದಿಲ್ಲ ಎಂದರು. ನನಗೇನು ಬರುತ್ತಿತ್ತೇ? ಹೊಟ್ಟೆ ಉರಿಯಿತು. ಸಾಹುಕಾರರ ಹುರಿಗಡಲೆ ನೆನೆದು ಇನ್ನಷ್ಟು ಉರಿಯಿತು. ಆದರೂ ಬಾಯಿ ತೆರೆದೆ.

ಮನೆಗೆ ಬಂದಾಗ ಅವ್ವ ಮುಖ ತಿರುಗಿಸಿಕೊಂಡು ಕೂತಿದ್ದಳು. ಹೆಂಡತಿ ಮುದ್ದೆ ಬಡಿಸಿ, ನಾನು ತಂದಿದ್ದ ನೋವಿನ ಮಾತ್ರೆಗಳನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇದ್ರಾಗೊಂದು ನಂಗೂ ಕೊಡ್ರಿ."

"ನಿಂಗ್ಯಾಕೆ?"

"ದವಡೆ ಹಲ್ಲು ನೋಯ್ತೈತೆ."

"ಯಾವಾಗಿಂದ?"

"ನಿಮ್ಮದು ಶುರುವಾಗೋಕಿಂತ ಮೊದ್ಲಿಂದ."

"ಮತ್ತೆ ಹೇಳಬಾರ್ದಾ? ಇವತ್ತೇ ಜೊತೆಗೆ ಬರಬೋದಿತ್ತಲ್ಲ."

ಅವಳು ಮಾತ್ರೆಯೊಂದನ್ನು ಬಿಡಿಸಿಕೊಂಡು ನೀರಿನ ಲೋಟ ಎತ್ತಿದಳು.

"ಅಮಾಸೆ ರಜ ಮಗ್ಗಕ್ಕೆ. ಒಲೆಗೆ ಎಲ್ಲೈತೆ?"