ಹ್ಯೂಸ್ಟನ್ ಬರೆಯಿತು, ಆಸ್ಟಿನ್ ಬರೆಯಲಿಲ್ಲ

ಆ ಚಳಿಗಾಲದಲ್ಲಿ ಹ್ಯೂಸ್ಟನ್ನಿನಿಂದ ಬಂದ ಒಂದು ಇಮೇಲನ್ನು ಎಷ್ಟು ಸಲ ಓದಿದ್ದೆನೆಂದರೆ, ಕಣ್ಣು ಮುಚ್ಚಿದರೂ ಅದರ ಸಾಲುಗಳು ರೆಪ್ಪೆಯೊಳಗೆ ತೇಲುತ್ತಿದ್ದವು. ಒಟ್ಟು ನಾಲ್ಕು ವಾಕ್ಯ. ನಿಮ್ಮನ್ನು ಭೇಟಿಯಾದದ್ದು ಸಂತೋಷ. ನೀವು ನಡೆದುಬಂದ ಹಾದಿ ನಮ್ಮ ಮನಸ್ಸು ತಟ್ಟಿತು. ನೀವು ನಮ್ಮಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತೀರಿ ಎಂದು ನಮಗನ್ನಿಸುತ್ತದೆ. ಮುಂದಿನ ದಿನಗಳಿಗೆ ಶುಭವಾಗಲಿ.

ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನಾನು ಬಿಳಿ ಕೋಟು ತೊಟ್ಟು ಹ್ಯೂಸ್ಟನ್ನಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುತ್ತಿರುತ್ತಿದ್ದೆ. ನಾಲ್ಕನೆಯದು ಓದಿದೊಡನೆ ಕೋಟು ಕಳಚಿ ಬೀಳುತ್ತಿತ್ತು. ಶುಭವಾಗಲಿ ಎಂದು ಯಾರಿಗೆ ಹೇಳುತ್ತಾರೆ? ಬರುವವರಿಗಂತೂ ಅಲ್ಲ, ಬಾಗಿಲವರೆಗೆ ಬಂದು ನಾವು ಕಳಿಸಿಕೊಡುವ ಜನರಿಗೆ.

ನನಗೆ ಆಗ ನಲವತ್ತೇಳು. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಡಾಲಸ್ಸಿಗೆ ಬಂದು, ಮಗಳನ್ನು ಬೆಳೆಸಿ ದೂರದ ಕಾಲೇಜಿಗೆ ಕಳಿಸಿದ ಮೇಲೆ, ಅವಳು ಹೋಮ್‌ವರ್ಕ್ ಮಾಡುತ್ತಿದ್ದ ಮೇಜಿನ ಮೇಲೇ ಕೂತು ಇಲ್ಲಿಯ ವೈದ್ಯಕೀಯ ಪರೀಕ್ಷೆಗಳನ್ನು ಪಾಸು ಮಾಡಿದ್ದೆ. ಆದರೆ ಪರೀಕ್ಷೆ ಪಾಸಾದ ಮಾತ್ರಕ್ಕೆ ಇಲ್ಲಿ ರೋಗಿಯ ಕೈ ಹಿಡಿದು ನಾಡಿ ನೋಡುವ ಹಾಗಿಲ್ಲ. ಯಾವುದಾದರೂ ಆಸ್ಪತ್ರೆಯಲ್ಲಿ ಮೂರು ವರ್ಷ ರೆಸಿಡೆನ್ಸಿ, ಅಂದರೆ ತರಬೇತಿ, ಮಾಡಬೇಕು. ಹಿಂದಿನ ಎರಡು ವರ್ಷ ಅರ್ಜಿ ಹಾಕಿದ್ದೆ. ಯಾರೂ ಸಂದರ್ಶನಕ್ಕೂ ಕರೆದಿರಲಿಲ್ಲ. ಮೂರನೆಯ ವರ್ಷ ಮೂರು ಕರೆ ಬಂದವು: ಡಾಲಸ್, ಹ್ಯೂಸ್ಟನ್, ಆಸ್ಟಿನ್. ನಾಲ್ಕನೆಯ ವರ್ಷ ಇಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಈ ಸಲ ಆಗದಿದ್ದರೆ ನಾನು ಡಾಕ್ಟರಲ್ಲ, ಅಷ್ಟೇ.

ಸಂದರ್ಶನಗಳು ಕಂಪ್ಯೂಟರಿನ ಮುಂದೆಯೇ ಮುಗಿದವು, ಮೇಲೆ ಬ್ಲೇಜರ್, ಕೆಳಗೆ ನೈಟ್ ಪ್ಯಾಂಟು. ಅದಾದ ಮೇಲಿನದು ವಿಚಿತ್ರ. ನಾವು ನಮಗೆ ಬೇಕಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಬೇಕು. ಅವರೂ ತಮಗೆ ಬೇಕಾದವರ ಪಟ್ಟಿ ಮಾಡುತ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ಯಂತ್ರ ಎರಡನ್ನೂ ಕೂಡಿಸಿ ಜೋಡಿ ಮಾಡುತ್ತದೆ. ಯಾರು ನಿಮ್ಮನ್ನು ಇಷ್ಟಪಟ್ಟರೆಂದು ಊಹೆ ಮಾಡಬೇಡಿ, ನಿಮಗಿಷ್ಟವಾದ ಕ್ರಮದಲ್ಲಿ ಬರೆಯಿರಿ, ಅದರಿಂದ ನಿಮಗೆ ನಷ್ಟವಿಲ್ಲ ಎಂದು ಎಲ್ಲ ಕಡೆಯೂ ಬರೆದಿದ್ದಾರೆ. ಅದನ್ನೂ ಬಹಳ ಸಲ ಓದಿದೆ. ನಂಬಿಕೆ ಮಾತ್ರ ಬರಲಿಲ್ಲ.

ಕಾರಣ ನನ್ನ ಅಪ್ಪ. ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ, ಬಂದುಹೋದ ಮನೆಯವರು ಬರೆದ ಕಾಗದಗಳನ್ನು ಅಪ್ಪ ವರಾಂಡದ ಬೆಳಕಿಗೆ ಹಿಡಿದು ಓದುತ್ತಿದ್ದರು. ಮೂಲೆಗೆ ಅರಿಶಿನ ಇದೆಯೇ, ಎಷ್ಟು ಸಾಲು, 'ಚಿರಂಜೀವಿ ಸೌಭಾಗ್ಯವತಿ' ಎಂದು ಪೂರ್ತಿ ಬರೆದಿದ್ದಾರೋ ಚಿಕ್ಕದು ಮಾಡಿದ್ದಾರೋ. "ಊರಿಗೆ ಹೋಗಿ ತಿಳಿಸ್ತೀವಿ ಅಂದ್ರೆ ಇಲ್ಲ ಅಂತ. ಹಿರಿಯರನ್ನ ಕೇಳಿ ತಿಳಿಸ್ತೀವಿ ಅಂದ್ರೆ ಇನ್ನೊಂದು ಮನೆ ನೋಡ್ತಿದಾರೆ ಅಂತ" ಎನ್ನುವರು. ಅವರ ಒಂದು ನಿಯಮ ಮಾತ್ರ ಅಚಲ: ಮೊದಲು ಬಾಯಿಬಿಟ್ಟು ಕರೆದ ಮನೆಗೇ ಹೆಣ್ಣು ಕೊಡಬೇಕು. ಬೇಕು ಅಂದವರನ್ನು ಬಿಟ್ಟು ಸುಮ್ಮನಿದ್ದವರ ಹಿಂದೆ ಹೋಗಬಾರದು.

ನಾನು ಅಪ್ಪನ ಮಗಳು. ಮೂರು ಊರುಗಳನ್ನೂ ಅದೇ ಬೆಳಕಿಗೆ ಹಿಡಿದೆ.

ಡಾಲಸ್ಸಿನವರು ಸಂದರ್ಶನದ ಮರುದಿನವೇ ಬರೆದಿದ್ದರು: ಇನ್ನು ಮುಂದೆ ನಾವು ಯಾರಿಗೂ ಬರೆಯುವುದಿಲ್ಲ, ದಯವಿಟ್ಟು ನೀವೂ ಬರೆಯಬೇಡಿ, ಧನ್ಯವಾದವೂ ಬೇಡ. ನಾನೋ ಸಂದರ್ಶನ ಮುಗಿದು ಇಪ್ಪತ್ತು ನಿಮಿಷಕ್ಕೆ ಧನ್ಯವಾದ ಕಳಿಸಿಯಾಗಿತ್ತು. ಈ ನಿಯಮವನ್ನು ನನ್ನ ಪತ್ರ ನೋಡಿದ ಮೇಲೇ ಮಾಡಿದರೆಂದು ನನಗೆ ಖಾತ್ರಿಯಾಯಿತು. ಡಾಲಸ್ ಮುಗಿಯಿತು ಎಂದುಕೊಂಡೆ.

ಆಸ್ಟಿನ್ ಏನನ್ನೂ ಬರೆಯಲಿಲ್ಲ.

ಆಸ್ಟಿನ್ ನನಗೆ ಬೇಕಾಗಿತ್ತು. ಉಳಿದಿಬ್ಬರೂ "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?" ಎಂದು ನಯವಾಗಿ ಕೇಳಿ, ಉತ್ತರದ ನಡುವೆ ಗಡಿಯಾರ ನೋಡಿದ್ದರು. ಆಸ್ಟಿನ್ನಿನ ಮುಖ್ಯಸ್ಥರು, ನನಗಿಂತ ಹಿರಿಯರು, ಅದೇ ಪ್ರಶ್ನೆ ಕೇಳಿ ಕುರ್ಚಿಗೆ ಒರಗಿದರು. ನಾನು ಅಭ್ಯಾಸ ಮಾಡಿಟ್ಟ ಉತ್ತರ ಮರೆತು ಒಬ್ಬ ಅಜ್ಜಿಯ ಕಥೆ ಹೇಳಿದೆ. ಡಾಲಸ್ ಹೊರವಲಯದ ನಮ್ಮ ಪ್ರಾಸ್ಪರ್ ಬಡಾವಣೆಯಲ್ಲಿ ಮಗನ ಮನೆಗೆ ಧಾರವಾಡದಿಂದ ಬಂದವರು. ಆರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ ತಂದಿದ್ದರು. ಮೊಮ್ಮಗು ಹುಟ್ಟಿ, ಇರುವ ಅವಧಿ ಮುಂದಕ್ಕೆ ಹೋಯಿತು. ಯಾರದೋ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ನಲ್ಲಿ, ಅವರು ಚಾಕುವಿನಿಂದ ಮಾತ್ರೆಯನ್ನು ಎರಡು ಹೋಳು ಮಾಡುವುದನ್ನು ನಾನು ಅಡುಗೆಮನೆಯಲ್ಲಿ ಕಂಡೆ.

"ಏನ್ ಮಾಡ್ತಿದೀರಿ ಅಜ್ಜಿ?"

"ಸುಮ್ನಿರ್ರಿ, ಮಗಗ ಗೊತ್ತಾದ್ರ ಬೈತಾನ. ಅರ್ಧ ತಗೊಂಡ್ರ ವಾಪಸ್ ಹೋಗೂತನಕಾ ಸಾಲ್ತಾವ್ರಿ."

ಅಂದು ಅವರ ಬಿಪಿ ನೋಡಿ ನನಗೇ ತಲೆಸುತ್ತು ಬಂತು. ಆಮೇಲೆ ಮಗನನ್ನು ಪಕ್ಕಕ್ಕೆ ಕರೆದೆ, ಅದೇ ದಿನ ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಕಥೆ ಅಷ್ಟೇ. ಆಸ್ಟಿನ್ನಿನವರು ಕನ್ನಡಕ ತೆಗೆದು, "ಯಾವ ಮಾತ್ರೆ? ಎಷ್ಟು ಮಿಲಿಗ್ರಾಂ?" ಎಂದು ಕೇಳಿದರು. ಅಮೆರಿಕಕ್ಕೆ ಬಂದ ಮೇಲೆ ಒಬ್ಬ ಡಾಕ್ಟರು ನನ್ನನ್ನು ಇನ್ನೊಬ್ಬ ಡಾಕ್ಟರೆಂಬಂತೆ ಕೇಳಿದ ಮೊದಲ ಪ್ರಶ್ನೆ ಅದು.

ಅವರೇ ಈಗ ಮೌನ. ಜನವರಿಯ ಬೆಳಗುಗಳಲ್ಲಿ ನಮ್ಮ ಬಡಾವಣೆಗೆ ಮಂಜು ಇಳಿಯುತ್ತಿತ್ತು. ಕೋಲು ಕಟ್ಟಿ ನಿಲ್ಲಿಸಿದ ಎಳೆಯ ಮರಗಳು, ಅರ್ಧ ಕಟ್ಟಿದ ಮನೆಗಳು ಎಲ್ಲ ಕರಗಿ, ನೀರಿನ ಟ್ಯಾಂಕಿನ ತಲೆಯೊಂದೇ ಆಕಾಶದಲ್ಲಿ ತೇಲುತ್ತಿತ್ತು. ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತರೆ ಆಸ್ಟಿನ್ ಅದರ ಹಿಂದೆಲ್ಲೋ ಇದ್ದು ಏನೋ ಹೇಳುತ್ತಿದೆ, ದನಿ ಮಾತ್ರ ಇಲ್ಲಿಗೆ ಮುಟ್ಟುತ್ತಿಲ್ಲ ಅನ್ನಿಸುತ್ತಿತ್ತು. ಕಾಫಿ ಆರುತ್ತಿತ್ತು. ಇನ್‌ಬಾಕ್ಸಿನಲ್ಲಿ ಪರದೆ ಬಟ್ಟೆಯ ರಿಯಾಯಿತಿ ಮಾರಾಟದ ಸುದ್ದಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಫೆಬ್ರವರಿಯ ಹೊತ್ತಿಗೆ ಅಪ್ಪನ ನಿಯಮ ಗೆದ್ದಿತು. ಕರೆದದ್ದು ಹ್ಯೂಸ್ಟನ್. ಪಟ್ಟಿಯಲ್ಲಿ ಹ್ಯೂಸ್ಟನ್ ಮೊದಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಪ್ಪಿಗೆಯ ಕಾಗದ ಬಂದ ಮೇಲೆ ಹುಡುಗನ ಮನೆ ನೋಡಲು ಹೋಗುವುದಿಲ್ಲವೇ? ಒಂದು ಶನಿವಾರ ಹ್ಯೂಸ್ಟನ್ನಿಗೆ ಬಾಡಿಗೆ ಮನೆ ನೋಡಲು ಗಂಡನನ್ನು ಹೊರಡಿಸಿದೆ.

"ಇನ್ನೂ ಲಿಸ್ಟೇ ಸಬ್ಮಿಟ್ ಮಾಡಿಲ್ಲ, ಮನೆ ನೋಡೋಕ್ ಹೊರಟಿದೀಯಲ್ಲ" ಎಂದರು ನಮ್ಮವರು, ಕಾರಿನ ಕೀಲಿ ಹುಡುಕುತ್ತ.

"ಸುಮ್ನೆ ನೋಡ್ಕೊಂಡು ಬರೋಣ ರೀ. ನೋಡಿದ್ರೆ ಏನ್ ಹೋಗತ್ತೆ?"

"ನನ್ನ ಶನಿವಾರ."

ಲಾಸ್ ಕೊಲಿನಾಸಿನ ಆಫೀಸಿನಲ್ಲಿ ವಾರವಿಡೀ ಮಾತಾಡಿ ದಣಿದು ಮನೆಯಲ್ಲಿ ಮಾತು ಉಳಿಸುವ ಮನುಷ್ಯ ಅವರು. ಐದು ಗಂಟೆ ಸುಮ್ಮನೆ ಡ್ರೈವ್ ಮಾಡಿದರು. ಮೂರು ಅಪಾರ್ಟ್‌ಮೆಂಟ್ ನೋಡಿದೆವು. ಒಂದರಲ್ಲಿ ದೇವರ ಗೂಡಿಗೆ ಪೂರ್ವದ ಗೋಡೆ ಸಿಗುತ್ತದೆಯೇ ಎಂದು ಕೂಡ ನೋಡಿಕೊಂಡೆ. ಮಧ್ಯಾಹ್ನ ಊಟಕ್ಕೆ ಹ್ಯೂಸ್ಟನ್ನಿನಲ್ಲಿರುವ ಉಡುಪಿ ಕಡೆಯ ಗೆಳತಿಯ ಮನೆಗೆ ಹೋದೆವು. ಅವಳ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಮೆಡಿಕಲ್ ಕೊನೆಯ ವರ್ಷ. ಅವಳೂ ಆ ವರ್ಷವೇ ಅರ್ಜಿ ಹಾಕಿದ್ದಳು.

"ಅಂತೂ ನಮ್ಮೂರಿಗೆ ಬರ್ತೀ ಅಲ್ವಾ ಮಾರಾಯ್ತಿ!" ಎಂದು ಗೆಳತಿ ಸಾರು ಬಡಿಸುತ್ತ ಕೇಳಿದಾಗ, ನಾನು ನಾಚಿಕೆಯಿಂದಲೇ ಫೋನು ತೆಗೆದು ಆ ನಾಲ್ಕು ವಾಕ್ಯ ಓದಿ ಹೇಳಿದೆ. ಎರಡನೆಯ ವಾಕ್ಯ ಬಂದಾಗ ಹುಡುಗಿ ನನ್ನ ಜೊತೆ ಜೊತೆಗೇ ಅದನ್ನು ಹೇಳತೊಡಗಿದಳು. ಮೂರನೆಯದನ್ನು ನನಗಿಂತ ಮೊದಲೇ ಮುಗಿಸಿದಳು.

"ಆಂಟಿ, ಐ ಗಾಟ್ ದಿ ಸೇಮ್ ಒನ್" ಎಂದು ತನ್ನ ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಅದೇ ದಿನ, ಅದೇ ನಿಮಿಷ. ನಡೆದುಬಂದ ಹಾದಿ ಮನಸ್ಸು ತಟ್ಟಿದ್ದೂ ಹಾಗೇ ಇತ್ತು. "ಐ ಆ್ಯಮ್ ಟ್ವೆಂಟಿ ಸಿಕ್ಸ್, ಆಂಟಿ. ವಾಟ್ ಜರ್ನಿ?"

"ಸುಮ್ಮನಿರೇ ನೀನು" ಎಂದು ಗೆಳತಿ ಗದರಿದಳು. ನಮ್ಮವರು ತಟ್ಟೆ ನೋಡುತ್ತ ಅನ್ನಕ್ಕೆ ಇನ್ನಷ್ಟು ಸಾರು ಹಾಕಿಸಿಕೊಂಡರು. ನಾನು ನಕ್ಕೆ ಎಂದು ನೆನಪು. ಪೂರ್ವದ ಗೋಡೆ ಎಲ್ಲೋ ದೂರ ಸರಿಯಿತು.

ವಾಪಸ್ ಬರುವಾಗ ಸಣ್ಣ ಸೋನೆ ಹಿಡಿದಿತ್ತು. ರಸ್ತೆಯ ಎರಡೂ ಬದಿಯ ಪೈನ್ ಮರಗಳು ನೀರಿನಡಿ ನಿಂತ ಹಾಗಿದ್ದವು. ಕಾರು ಓಡುತ್ತಿದೆಯೋ ಮರಗಳೇ ತೇಲಿಹೋಗುತ್ತಿವೆಯೋ ತಿಳಿಯುತ್ತಿರಲಿಲ್ಲ. "ಕರೆದವರು ಕರೆದೇ ಇಲ್ಲ. ಸುಮ್ಮನಿದ್ದವರು ಬೇಡ ಅಂತಲೇ ಸುಮ್ಮನಿದ್ದಾರೆ" ಎಂದೆ.

ಹತ್ತು ಮೈಲಿ ದಾಟಿದ ಮೇಲೆ ಅವರು ವೈಪರಿನ ವೇಗ ಕಡಿಮೆ ಮಾಡಿದರು.

"ನಿನ್ನನ್ನ ನೋಡ್ಕೊಂಡು ಹೋದ ಮೇಲೆ ನಮ್ಮನೆಯಿಂದ ನಲವತ್ತು ದಿನ ಉತ್ತರ ಬರ್ಲಿಲ್ಲ, ನೆನಪಿದ್ಯಾ?"

ನೆನಪಿಲ್ಲದೆ? ಆ ನಲವತ್ತು ದಿನವೂ ಅಪ್ಪ ಮೌನದ ಅರ್ಥ ಬಿಡಿಸಿದ್ದರು. ದೊಡ್ಡ ಮನೆತನ, ಆತುರಪಡುವುದಿಲ್ಲ ಎಂಬಲ್ಲಿಂದ ಶುರುವಾಗಿ, ಹುಡುಗನಿಗೆ ಬೇರೆ ಕಡೆ ಮನಸ್ಸಿದೆ ಎಂಬಲ್ಲಿಯವರೆಗೆ.

"ಅಮ್ಮ ಮೂರನೇ ದಿನಾನೇ ಕಾಗದ ಬರೆದಿದ್ರು. ಒಪ್ಪಿಗೆ ಅಂತ. ಪೋಸ್ಟ್ ಮಾಡು ಅಂತ ನನ್ನ ಕೈಗೆ ಕೊಟ್ರು. ನಾನು ಸ್ಕೂಟರ್ ಡಿಕ್ಕಿಲಿ ಇಟ್ಟು ಮರೆತೆ."

"ನಲವತ್ತು ದಿನ?"

"ನಿಮ್ಮ ಕಡೆಯಿಂದ ಉತ್ತರಾನೇ ಇಲ್ಲ, ಡಾಕ್ಟರ್ ಹುಡುಗಿ, ಜಂಬ ಇರ್ಬೇಕು ಅಂತ ಅಮ್ಮ ಬೈಯೋಕ್ ಶುರು ಮಾಡಿದ್ರು. ಪಂಕ್ಚರ್ ಆದಾಗ ಡಿಕ್ಕಿ ತೆಗೆದೆ. ನೋಡಿದ್ರೆ ಕಾಗದ. ಹೇಳೋಕ್ ಧೈರ್ಯ ಆಗ್ಲಿಲ್ಲ. ಅಮ್ಮನ ಕೈಲಿ ಫೋನ್ ಮಾಡಿಸ್ದೆ."

"ಕಾಗದ ಏನ್ ಮಾಡಿದ್ರಿ?"

"ಪಂಕ್ಚರ್ ಅಂಗಡಿಲೇ ಬಿಟ್ಟೆ."

ವೈಪರ್ ಅತ್ತಿಂದಿತ್ತ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಯ ಅಡುಗೆ ಉಂಡಿದ್ದರು. ಸಿಟ್ಟು ಬರಬೇಕಿತ್ತು. ಅದರ ಬದಲು, ವರಾಂಡದಲ್ಲಿ ಬರೀ ಗಾಳಿಯನ್ನು ಬೆಳಕಿಗೆ ಹಿಡಿದು ಓದುತ್ತ ಕೂತ ಅಪ್ಪ ಕಂಡರು. ಅತ್ತ ಇನ್ನೊಂದು ವರಾಂಡದಲ್ಲಿ ನನ್ನ ಜಂಬವನ್ನು ಓದುತ್ತ ಕೂತ ಅತ್ತೆ. ಇಬ್ಬರೂ ಈಗಿಲ್ಲ. ನಗು ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

"ಯಾರು ಬರೆದ್ರು, ಯಾರು ಬಿಟ್ರು, ಅದೆಲ್ಲ ಇರ್ಲಿ" ಎಂದರು ಅವರು. "ನಿಂಗೆ ಎಲ್ಲಿಗೆ ಹೋಗ್ಬೇಕು?"

"ಆಸ್ಟಿನ್ನಿಗೆ."

"ಮತ್ತೆ ಅದನ್ನೇ ಬರಿ."

ಆ ಭಾನುವಾರ ಮಗಳ ಮೇಜಿನಲ್ಲಿ ಕೂತು ಬರೆದೆ. ಮೊದಲು ಆಸ್ಟಿನ್. ಎರಡನೆಯದು ಡಾಲಸ್, ಮನೆಯಿಂದಲೇ ಓಡಾಡಬಹುದೆಂದು. ಮೂರನೆಯದು ಹ್ಯೂಸ್ಟನ್. ಬಟನ್ ಒತ್ತಿದ ಮೇಲೆ ಗಡುವು ಮುಗಿಯುವವರೆಗೂ ದಿನಕ್ಕೆರಡು ಸಲ ತೆರೆದು, ಹೆಸರುಗಳು ತಾವಾಗಿ ಜಾಗ ಬದಲಿಸಿಲ್ಲವೆಂದು ಖಚಿತಪಡಿಸಿಕೊಂಡೆ. ಬುದ್ಧಿ ಬಂದಿತ್ತು, ಸ್ವಭಾವ ಹೋಗಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಗ್ಗೆ, ಬೇಳೆ ತೊಳೆಯುತ್ತಿದ್ದಾಗ ಇಮೇಲ್ ಬಂತು. ನಿಮಗೆ ಸ್ಥಾನ ಸಿಕ್ಕಿದೆ. ಎಲ್ಲಿ ಎಂದು ಶುಕ್ರವಾರದವರೆಗೆ ಹೇಳುವುದಿಲ್ಲ. ಒದ್ದೆ ಕೈಯಲ್ಲೇ ಆರು ಸಲ ಓದಿದೆ. ಎಷ್ಟು ಹುಡುಕಿದರೂ ಅದರಲ್ಲಿ ಬೇರೆ ಅರ್ಥ ಸಿಗಲಿಲ್ಲ. ಬೇಳೆಯ ನೀರು ಸಿಂಕಿನಲ್ಲಿ ಹರಿಯುತ್ತಲೇ ಇತ್ತು. ಆ ನಾಲ್ಕು ದಿನ ನಾನು ನೆಲಕ್ಕೆ ಕಾಲು ತಾಗಿಸದೆ ಮನೆಯೊಳಗೆ ಓಡಾಡಿದೆ. ಮೂರೂ ಊರುಗಳಲ್ಲಿ ಒಟ್ಟಿಗೇ ವಾಸವಾಗಿದ್ದೆ.

ಶುಕ್ರವಾರ ತಿಳಿಯಿತು. ಡಾಲಸ್. ಬರೆಯಬೇಡಿ ಎಂದವರು, ನಾನು ಒಂದು ದಿನವೂ ಕನಸು ಕಾಣದಿದ್ದವರು. "ಸದ್ಯ, ನಾನು ಅಡುಗೆ ಕಲಿಯೋದು ತಪ್ತು" ಎಂದು ನಮ್ಮವರು ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಗೆಳತಿಯ ಮಗಳಿಗೆ ಹ್ಯೂಸ್ಟನ್ನಿನಲ್ಲೇ ಸಿಕ್ಕಿತ್ತು.

ಅದೇ ಸಂಜೆ ಆಸ್ಟಿನ್ನಿನಿಂದ ಇಮೇಲ್ ಬಂತು. ಎರಡು ಸಾಲು. ಇಂದಿನವರೆಗೆ ಬರೆಯುವ ಹಾಗಿರಲಿಲ್ಲ. ಆ ಅಜ್ಜಿ ಈಗ ಪೂರ್ತಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?

ನನಗೆ ಉತ್ತರ ಗೊತ್ತಿರಲಿಲ್ಲ. ಅಜ್ಜಿ ಊರಿಗೆ ಮರಳಿ ತಿಂಗಳುಗಳಾಗಿದ್ದವು. ಮರುದಿನ ಬೆಳಗ್ಗೆ ಅವರ ಮಗನಿಂದ ನಂಬರ್ ತೆಗೆದುಕೊಂಡು ಧಾರವಾಡಕ್ಕೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಹಿಂದೆ ಯಾರೋ ಒಗ್ಗರಣೆ ಹಾಕುವ ಸದ್ದು ಕೇಳುತ್ತಿತ್ತು.

"ಪೂರಾ ತಗೋತೀನ್ರಿ, ನಿಮ್ಮಾಣಿ! ದಿನಾ ಮುಂಜಾನೆ. ಇಷ್ಟ್ ಕೇಳಾಕ ಅಲ್ಲಿಂದ ಫೋನ್ ಮಾಡಿದ್ರೇನ್ರಿ?"

"ಇಲ್ಲ ಅಜ್ಜಿ, ಇನ್ನೊಂದು ಸುದ್ದಿ ಇತ್ತು. ನಾನು ಇಲ್ಲಿ ಡಾಕ್ಟರ್ ಆಗ್ತಿದೀನಿ."

ಆ ಕಡೆ ಸ್ವಲ್ಪ ಹೊತ್ತು ಮೌನ. ನಾನು ಆಗಲೇ ಅದಕ್ಕೆ ಅರ್ಥ ಹುಡುಕತೊಡಗಿದ್ದೆ.

"ಅಂದ್ರ? ಮೊದಲ ಇದ್ದಿಲ್ಲೇನ್ರಿ?"

ಫೋನಿಟ್ಟು ಆಸ್ಟಿನ್ನಿಗೆ ಉತ್ತರ ಬರೆಯಲು ಕೂತೆ. ಪೂರ್ತಿ ಮಾತ್ರೆ, ದಿನಾ ಬೆಳಗ್ಗೆ. ಒಂದೇ ಸಾಲು. ಕೊನೆಗೆ ಧನ್ಯವಾದ ಸೇರಿಸಬೇಕೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿ, ಸೇರಿಸಿ ಕಳಿಸಿದೆ.