ಭರತೇಶಣ್ಣನ ಹತ್ತು ಅಂಕಿ

ಮೂಡಲಗಿಯ ಬಟ್ಟೆ ಅಂಗಡಿಯ ಭರತೇಶಣ್ಣನಿಗೆ ಗಿರಾಕಿಯ ಹೆಸರು ನೆನಪಿರುವುದಿಲ್ಲ. ಮೊಬೈಲ್ ನಂಬರು ಮಾತ್ರ ಮರೆಯುವುದಿಲ್ಲ. ಬಿಲ್ಲಿಗೆಂದು ನಂಬರು ಕೇಳುತ್ತಾನೆ, ಬಿಲ್ಲು ಬಿಟ್ಟು ಅಂಕಿ ಕೂಡಿಸತೊಡಗುತ್ತಾನೆ. “ಅಕ್ಕಾರ, ಕೂಡಿಸಿದ್ರ ನಲವತ್ತೈದು ಆತ್ರಿ. ನಿಮ್ಮ ನಂಬರ ಒಂಬತ್ತರಿಂದ ಶೇಷ ಇಲ್ಲದ ಭಾಗ ಹೋಗತೈತಿ!” ಎಂದು ಅವನು ಹಿಗ್ಗುವಾಗ ಮೇಲವಂಕಿಯ ಅಕ್ಕವ್ವ ಸೀರೆ ಹಿಡಿದು ನಿಂತೇ ಇರುತ್ತಾಳೆ. “ಸೀರಿ ಬಣ್ಣ ಹೋಗತೈತೇನು, ಅದನ್ನ ಹೇಳೋ ಯಪ್ಪಾ” ಎಂದರೆ ಅವನಿಗೆ ಕೇಳಿಸುವುದಿಲ್ಲ. ಸಮಸಂಖ್ಯೆಯ ನಂಬರಿನವರ ಬಗ್ಗೆ ಅವನಿಗೆ ತುಸು ತಾತ್ಸಾರ. ಎರಡಕ್ಕೇ ಸೋಲುವ ಜನ. ಏಳು, ಹನ್ನೊಂದು, ಹದಿಮೂರು ಯಾವುದಕ್ಕೂ ಜಗ್ಗದ ನಂಬರು ಸಿಕ್ಕರೆ ಮಾತ್ರ ಚಹಾ ತರಿಸುತ್ತಾನೆ. ಅಂಥದ್ದೊಂದು ನಂಬರನ್ನು ಅವನು ವರ್ಷಗಳಿಂದ ಹಿಡಿದು ಕೂತಿದ್ದಾನೆ. ಗಿರಾಕಿಯಿಲ್ಲದ ಮಧ್ಯಾಹ್ನ, ಅಂಗಿ ಡಬ್ಬಿಯ ರಟ್ಟಿನ ಮೇಲೆ, ಅದನ್ನು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾನೆ; ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತದೆ. “ಅಪ್ಪಾ, ಫೋನಿನ್ಯಾಗ ಹಾಕಿದ್ರ ಈಗಿಂದೀಗ ಗೊತ್ತಾಗತೈತಿ” ಎಂದು ಮಗಳು ಆರತಿ ಮೊನ್ನೆ ರಟ್ಟು ಎಳೆದುಕೊಂಡು, ಕ್ಯಾಲ್ಕುಲೇಟರ್ ತೆರೆಯುವ ಬದಲು ರೂಢಿಯಂತೆ ಕರೆ ಮಾಡುವ ಕಡೆಯೇ ಅಂಕಿ ಒತ್ತಿಬಿಟ್ಟಳು. ಹತ್ತನೆಯದನ್ನು ಒತ್ತಿದ್ದೇ ತಡ, ಹೆಸರು ಮೂಡಿತು: ಸಮ್ಮೇದ ಕಾಕಾ, ಹುಕ್ಕೇರಿ. ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಬಂದ ಒಂದು ಮಾತಿಗೆ ಭರತೇಶಣ್ಣನೊಂದಿಗೆ ಮಾತು ಬಿಟ್ಟ ಅವನ ತಮ್ಮ. ಆರತಿ ಮೆಲ್ಲಗೆ ಕೇಳಿದಳು, “ಫೋನ್ ಹಚ್ಚಲೇನಪ್ಪಾ?” ಭರತೇಶಣ್ಣ ರಟ್ಟನ್ನು ತನ್ನತ್ತ ಎಳೆದುಕೊಂಡ. “ತಡಿಯವ್ವಾ, ಇನ್ನೂ ಭಾಗ ಹಾಕಿ ನೋಡೋದು ಬಾಳ ಐತಿ” ಎಂದ. ಆದರೆ ಪೆನ್ಸಿಲ್ ಎತ್ತಿಕೊಳ್ಳಲಿಲ್ಲ.